ಇದ್ರಾಗ ನಗೋದೇನದ? ಆಯಿ ಕೇಳಿದ ಪ್ರಶ್ನೆ

ಕಾಗಿಣಾ ದಂಡಿ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಸೇಡಂ ತಾಲೂಕು, ಮಳಖೇಡದ ಹತ್ತಿರ. ವಾರವೆಲ್ಲ ಹಾಸ್ಟೆಲ್, ಶನಿವಾರ ಕ್ಲಾಸು ಮುಗಿದ ಕೂಡಲೇ ಸೇಡಂ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಇಲ್ಲ, ಹಾಗಾಗಿ ವಾರ ತಪ್ಪಿಸುವುದಿಲ್ಲ. ತಿರುಗಿ ಬರುವಾಗ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಸೋಮವಾರ ರಾತ್ರಿಯೊಳಗೆ ಅದು ಖಾಲಿ.

ಎರಡು ವಾರದ ಹಿಂದೆ ಊರಲ್ಲಿ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದೆ. ಆಯಿ, ಅಂದರೆ ನಮ್ಮ ಅಜ್ಜಿ, ಮೊರದಲ್ಲಿ ಬ್ಯಾಳಿ ಹಸನು ಮಾಡುತ್ತಿದ್ದಳು, ನನ್ನ ಕೈಯಲ್ಲಿ ಫೋನು. ರೀಲ್ಸ್‌ನಲ್ಲಿ ಒಬ್ಬ ರೈತ ಬಂದ. ಹೊಲದ ಬದುವಿನ ಮೇಲೆ ನಿಂತು ಮಾತಾಡುತ್ತಿದ್ದಾನೆ. ನಮ್ಮ ಕಡೆಯವನೇ ಎಂಬುದು ಮೊದಲ ಮಾತಿಗೇ ಗೊತ್ತಾಯಿತು: ‘ಅದ’, ‘ಹೋಗ್ಲತ್ತೀನಿ’, ‘ಮಾಡ್ಲತ್ತಾರ’. ತೊಗರಿ ನಿಂತಲ್ಲೇ ಒಣಗಿದೆ, ಪರಿಹಾರಕ್ಕೆ ಇನ್ನೆಷ್ಟು ಸಲ ಅಲೆಯಲಿ ಎಂದು ಕೇಳುತ್ತಿದ್ದಾನೆ. ಯಾರೋ ಅದನ್ನು ಕತ್ತರಿಸಿ, ಹಿಂದೆ ಕಾಮಿಡಿ ಸೀನಿನ ಸಂಗೀತ ಹಾಕಿ, ಮೇಲೆ ನಗುವ ಮುಖಗಳನ್ನು ಅಂಟಿಸಿದ್ದರು. ನಾನೂ ನಕ್ಕೆ.

ಆಯಿ ‘ಇನ್ನೊಮ್ಮಿ ಹಚ್ಚು’ ಅಂದಳು. ಹಚ್ಚಿದೆ. ಕಣ್ಣು ಕಿರಿದು ಮಾಡಿಕೊಂಡು ಕೊನೆತನಕ ನೋಡಿದಳು. ಆಮೇಲೆ ಕೇಳಿದಳು: ‘ಅಂವ ತೊಗರಿ ಒಣಗ್ಯಾದ ಅಂತ ಹೇಳ್ಲತ್ತಾನ. ಇದ್ರಾಗ ನಗೋದೇನದ?’

ನನ್ನ ಬಾಯಿಂದ ಮಾತು ಹೊರಡಲಿಲ್ಲ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ, ಗಿಡ ನಿಂತಲ್ಲೇ ಒಣಗುವ ನೆಟೆ ರೋಗ ಬಿದ್ದದ್ದು ಇಲ್ಲಿನವರಿಗೆಲ್ಲ ನೆನಪಿದೆ. ನಮ್ಮ ಮೂರು ಎಕರೆಯೂ ಅದರಲ್ಲಿ ಹೋಯಿತು. ನಾನಾಗ ಹತ್ತನೇ ತರಗತಿ. ಅಪ್ಪ ಕಟ್ಟೆಯ ಮೇಲೆ ಕೂತು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದ. ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ.

ಇನ್ನೊಂದು ಸಂಗತಿ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಿರುನಾಟಕ ಇದೆ. ನಾನು ತಾಯಿಯ ಪಾತ್ರ ಕೇಳಿದೆ. ನಾಟಕ ಮಾಡಿಸುತ್ತಿರುವ ಸೀನಿಯರ್ ನನಗೆ ಮನೆಗೆಲಸದವಳ ಪಾತ್ರ ಕೊಟ್ಟು ‘ನಿನ್ನ ಭಾಷಾಕ್ಕ ಅದೇ ಸೂಟ್ ಆಗ್ತದ’ ಅಂದ. ತಾಯಿ ಬಂದು ‘ಮಗನೇ, ನಿನಗಾಗಿ ನಾನು ಎಷ್ಟು ಕಷ್ಟಪಟ್ಟೆ ಗೊತ್ತೇನೋ’ ಎಂದು ಅಳಬೇಕು. ನಾನು ಬಂದು ‘ಯವ್ವಾ, ಚಹಾ ತರ್ಲೇನ್ರಿ’ ಅಂದರೆ ಸಭೆ ನಗಬೇಕು. ಆ ಕೋಣೆಯಲ್ಲಿ ಬೆಂಗಳೂರಿನವರು, ಮೈಸೂರಿನವರು ಒಬ್ಬರೂ ಇರಲಿಲ್ಲ. ಪಾತ್ರ ಹಂಚಿದವನ ಊರು ಚಿಂಚೋಳಿ ಕಡೆ. ಅವನ ತಾಯಿ ಅಳುವಾಗ ಯಾವ ಕನ್ನಡದಲ್ಲಿ ಅಳುತ್ತಾಳೆ?

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಹುಡುಗರು ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ಫೋನಿಗೆ ಏಳೆಂಟು ತಲೆ. ಕೊನೆಯ ಓವರ್ ಮುಗಿದಾಗ ಎಲ್ಲರೂ ಕೂಗಿದ್ದು, ಅತ್ತದ್ದು, ಅವ್ವನಿಗೆ ಫೋನ್ ಹಚ್ಚಿ ಹೇಳಿದ್ದು ಎಲ್ಲ ಮನೆಯ ಮಾತಿನಲ್ಲೇ. ಪುಸ್ತಕದ ಕನ್ನಡ ಆ ರಾತ್ರಿ ಯಾರ ಬಾಯಿಗೂ ಬರಲಿಲ್ಲ. ಮರುದಿನ ಸ್ಟೇಟಸ್ ಬರೆಯುವ ಹೊತ್ತಿಗೆ ತಿರುಗಿ ಬಂತು.

ನಿಮ್ಮನ್ನು ಕೇಳುವುದು ಇಷ್ಟೇ. ಸಿನಿಮಾ, ಧಾರಾವಾಹಿ, ರೀಲ್ಸ್ ಎಲ್ಲಿಯಾದರೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಾತಿನಲ್ಲಿ ಯಾರಾದರೂ ಅತ್ತದ್ದನ್ನು, ಪ್ರೀತಿ ಮಾಡಿದ್ದನ್ನು, ತಿಳಿವಳಿಕೆಯ ಮಾತು ಹೇಳಿದ್ದನ್ನು ಕೇಳಿದ್ದೀರಾ? ಕೇಳಿದ್ದರೆ ಎಲ್ಲಿ?

ಜೇವರ್ಗಿ ಹುಡುಗ:

ಅಕ್ಕಾ, ನಾ ವಿಡಿಯೋ ಮಾಡಾಂವ. ಹಿಂಗಾಗಿ ನಿಮ್ಮ ಮಾತು ನನಗ ನಟ್ಟದ. ಆದ್ರ ಒಂದು ಹೇಳ್ತೀನಿ, ಕಾಮಿಡಿನ ಅಷ್ಟು ಸಸಾರ ಮಾಡಬ್ಯಾಡ್ರಿ. ಹತ್ತು ವರ್ಷದ ಹಿಂದ ನಮ್ಮ ಮಾತು ಫೋನಿನಾಗ ಎಲ್ಲಿತ್ರಿ? ನಗಸೋ ಹುಡುಗರು ಬಂದ ಮ್ಯಾಲೇ ದಾವಣಗೆರಿ, ಮಂಡ್ಯದ ಮಂದಿ ‘ಇದ್ಯಾವ ಊರ ಕನ್ನಡ?’ ಅಂತ ಕೇಳ್ಲಾಕ ಹತ್ಯಾರ.

ನಾನೂ ಒಮ್ಮಿ ಖರೇ ಸಂಗತಿ ಮಾಡಿದ್ದ. ನಮ್ಮಪ್ಪ ವರ್ಷಾ ಸುಗ್ಗಿ ಮುಗದ ಮ್ಯಾಲ ಪುಣೆಕ್ಕ ಗುಳೆ ಹೋಗ್ತಾನ, ಕಟ್ಟಡದ ಕೆಲಸಕ್ಕ. ಹೋಗೋ ದಿನ ಮುಂಜಾನಿ ಅಂವ ಗಂಟು ಕಟ್ಟೋದು, ಅವ್ವ ಬುತ್ತಿ ಕಟ್ಟೋದು, ನಡುವ ಅವರಿಬ್ಬರು ಆಡೋ ನಾಲ್ಕು ಮಾತು, ಅಷ್ಟೇ ಹಾಕಿದ್ದ. ನನ್ನ ನಗಿ ವಿಡಿಯೋಕ್ಕ ಬರೋ ಮಂದಿಯೊಳಗ ಹತ್ತರಾಗ ಒಬ್ಬ ಸೈತ ಅದನ್ನ ನೋಡಲಿಲ್ಲ. ನೋಡಿದವರೊಳಗೂ ಕೆಲವರು ನಗೋ ಮುಖಾ ಒತ್ತಿ ಹೋದ್ರು. ಅವರು ಕೆಟ್ಟ ಮಂದಿ ಅಲ್ಲ. ನಮ್ಮ ಮಾತು ಕಿವಿಗಿ ಬಿದ್ದ ಕೂಡ್ಲೇ ನಗಬೇಕು ಅಂತ ಅವರಿಗಿ ರೂಢಿ ಬಿದ್ದದ. ಆ ರೂಢಿ ಹಚ್ಚಿದವರೊಳಗ ನಾನೂ ಒಬ್ಬ ಅಂತ ಆಯಿ ಮಾತು ಓದಿದ ಮ್ಯಾಲ ಅನಸ್ಲತ್ತದ.

ಆಳಂದದಿಂದ ಬೆಂಗಳೂರಿಗೆ:

ನಾನು ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಮೊದಲ ಕೆಲಸದ ಮೊದಲ ವರ್ಷ ಮೀಟಿಂಗಿನಲ್ಲಿ ನಾನು ಬಾಯಿ ಬಿಟ್ಟವಳಲ್ಲ. ಹೇಳಬೇಕಾದ್ದನ್ನೆಲ್ಲ ಬರೆದು ಕಳಿಸುತ್ತಿದ್ದೆ. ಒಮ್ಮೆ ‘ನಾಳಿಗಿ ಮಾಡಿ ಕೊಡ್ತೀನ್ರಿ’ ಅಂದಾಗ ಪಕ್ಕದವಳು ಅದನ್ನು ಹಾಡಿನ ಹಾಗೆ ಎಳೆದು ತಿರುಗಿ ಹೇಳಿದಳು. ಪ್ರೀತಿಯಿಂದಲೇ ಹೇಳಿದ್ದು, ಇವತ್ತಿಗೂ ಒಳ್ಳೆಯ ಗೆಳತಿ. ಆದರೂ ಆಮೇಲೆ ಆರು ತಿಂಗಳು ನಾನು ‘ರೀ’ ಹಚ್ಚಲಿಲ್ಲ.

ತಂಗಿ, ನಿನಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಬರೆಯುವ ಕನ್ನಡ ಚೆನ್ನಾಗಿ ಕಲಿ. ಪರೀಕ್ಷೆ, ಅರ್ಜಿ, ಸಂದರ್ಶನ ಎಲ್ಲ ಅದರಲ್ಲೇ ನಡೆಯುತ್ತವೆ. ಅದು ನಮ್ಮದಲ್ಲ ಎಂದು ದೂರ ಇಟ್ಟರೆ ನಷ್ಟ ನಮಗೇ. ನನ್ನ ಸಂಕಟ ಬೇರೆ. ನನ್ನ ಮಗನಿಗೆ ಏಳು ವರ್ಷ. ಅವನಿಗೆ ನಮ್ಮ ಮಾತು ಬರುವುದಿಲ್ಲ, ನಾನೇ ಕಲಿಸಲಿಲ್ಲ. ಊರಿಗೆ ಹೋದಾಗ ಅವನ ಮುತ್ಯಾ, ಅಂದರೆ ನನ್ನ ಅಪ್ಪ, ಏನಾದರೂ ಅಂದರೆ ನನ್ನ ಮುಖ ನೋಡುತ್ತಾನೆ, ನಾನು ಕನ್ನಡವನ್ನು ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಅಪ್ಪನಿಗೆ ಅದು ಎಷ್ಟು ನೋವೆಂದು ಅವರ ಕಣ್ಣಲ್ಲೇ ಕಾಣುತ್ತದೆ, ಬಾಯಿಬಿಟ್ಟು ಹೇಳಿಲ್ಲ.

ಬೀದರ್ ಕೋಟಿ:

ಸಿನಿಮಾದಾಗ ನಮ್ಮ ಮಾತು ಕೇಳೀರೇನು ಅಂತ ಕೇಳೀರಿ. ಸಿನಿಮಾದವರು ‘ಉತ್ತರ ಕರ್ನಾಟಕ’ ಅಂತ ಹಾಕೋದು ಹುಬ್ಬಳ್ಳಿ, ಬೆಳಗಾವಿ ಕಡಿ ಮಾತು. ‘ಐತಿ’, ‘ಮಾಡಾಕತ್ತೀನಿ’, ನಡುನಡುವ ‘ಮಗನ’. ನಮ್ಮ ‘ಅದ’, ‘ಮಾಡ್ಲತ್ತೀನಿ’ ಅದ್ರಾಗ ಇಲ್ಲ. ನಗಸ್ಲಾಕ ಸೈತ ನಮ್ಮ ಮಾತು ತಗೊಂಡಿಲ್ಲ ಅವರು.

ಬೀದರ್‌ದು ಇನ್ನೂ ಬ್ಯಾರೆ. ಭಾಲ್ಕಿ, ಔರಾದ ಕಡಿ ಮರಾಠಿ, ಜಹೀರಾಬಾದ್ ದಾರಿಗಿ ತೆಲುಗು, ಊರೊಳಗ ದಖನಿ. ನಮ್ಮ ಕನ್ನಡದಾಗ ಇವೆಲ್ಲಾ ಹೊಕ್ಕಾವ. ಹೈದರಾಬಾದ್ ಮೂರು ತಾಸಿನ ದಾರಿ. ಬೆಂಗಳೂರಂದ್ರ ಇಡೀ ರಾತ್ರಿ ಕುಂದ್ರಬೇಕು. ಸಣ್ಣಾಂವಿದ್ದಾಗ ನಾ ನೋಡಿದ್ದು ತೆಲುಗು, ಹಿಂದಿ ಸಿನಿಮಾ. ಕನ್ನಡಕ್ಕ ಡಬ್ ಮಾಡಬಾರದು ಅಂತ ಚಿತ್ರರಂಗದವರು ದಶಕಗಟ್ಲೆ ತಡದು ನಿಲ್ಲಿಸಿದ್ರು. ಕನ್ನಡ ಉಳೀಲಿ ಅಂತ ಅವರ ಉದ್ದೇಶ ಇರಬಹುದು, ಆದ್ರ ಅದರ ಫಲ ಬೀದರ್‌ನಾಗ ಏನಾಯ್ತು ಅಂದ್ರ ಹುಡುಗರು ತೆಲುಗು ಸಿನಿಮಾ ತೆಲುಗಿನಾಗೇ, ಹಿಂದಿ ಸಿನಿಮಾ ಹಿಂದಿಯಾಗೇ ನೋಡಿ ಬೆಳೆದ್ರು. 2015ರಾಗ ಕೇಂದ್ರದ ಸ್ಪರ್ಧಾ ಆಯೋಗ (ವ್ಯಾಪಾರದಾಗ ಪೈಪೋಟಿ ತಡದ್ರ ಕೇಳೋ ಸಂಸ್ಥೆ) ಆ ತಡೆ ತಪ್ಪು ಅಂತ ಹೇಳಿ ದಂಡ ಹಾಕಿತು. ಈಗ ಡಬ್ಬಿಂಗ್ ಸಾಕಷ್ಟು ಬರ್ಲತ್ತಾವ. ಆದ್ರ ಹೀರೋ ಎಲ್ಲಿಯವನೇ ಇರ್ಲಿ, ಕನ್ನಡಕ್ಕ ಬಂದಾಗ ಬೆಂಗಳೂರಿನಂವ ಆಗ್ತಾನ. ತೆಲಂಗಾಣದ ಮಾತು ಆಡೋ ಹೀರೋ ತೆಲುಗು ಸಿನಿಮಾದಾಗ ಈಗ ಬಂದಾನ. ಅವನ ಮಾತು ಕೇಳಿದ್ರ ನಮ್ಮೋಣಿಯಂವ ಅನಸ್ತದ, ಕನ್ನಡದ ಹೀರೋ ಬಾಯಾಗ ಮಾತ್ರ ಹಂಗ ಅನಸಲ್ಲ. ಇದು ನನಗ ಭಾಳ ಕೆಟ್ಟ ಅನಸ್ತದ.

ಮಾಸ್ತರ, ಅಫಜಲಪುರ:

ತಂಗಿ, ನಾ ಕನ್ನಡ ಸಾಲಿ ಮಾಸ್ತರ ಇದ್ದಾಂವ, ನಿವೃತ್ತ ಆಗೀನಿ. ನಿನ್ನ ಆಯಿ ಕೇಳಿದ ಸವಾಲು ನನ್ನ ನಿದ್ದಿ ಕೆಡಿಸ್ತು. ಅದಕ್ಕ ಒಂದು ಹಳೀ ಸಂಗತಿ ಬರೀತೀನಿ.

ನಮ್ಮ ಸೀಮಿಗಿ ಟಿವಿ ಬೆಂಗಳೂರಿಗಿಂತ ಮೊದ್ಲು ಬಂದದ, ಭಾಳ ಮಂದಿಗಿ ಗೊತ್ತಿಲ್ಲ. 1975ರ ಆಗಸ್ಟ್ 1ಕ್ಕ ಉಪಗ್ರಹದ ಟಿವಿ ಪ್ರಯೋಗ ಸುರು ಮಾಡಿದ್ರು, ‘ಸೈಟ್’ ಅಂತ ಅದರ ಹೆಸರು. ಅಮೆರಿಕಾದ ಎಟಿಎಸ್-6 ಉಪಗ್ರಹ, ಆರು ರಾಜ್ಯದ 2400 ಹಳ್ಳಿ. ಕರ್ನಾಟಕದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾ. ಬೆಂಗಳೂರಿಗಿ ದೂರದರ್ಶನ ಬಂದದ್ದು 1981ಕ್ಕ. ಆ ಹಳ್ಳಿಯೊಳಗ ನಮ್ಮೂರೂ ಒಂದು, ನನಗಾಗ ಹತ್ತು ವರ್ಷ. ಸಾಲಿ ಬಯಲಾಗ ಕೋಳಿಗೂಡಿಗಿ ಬಡಿತಾರಲ್ಲ, ಅಂಥಾ ಜಾಳಿಗಿಯ ದೊಡ್ಡ ಛತ್ರಿ ನಿಲ್ಲಿಸಿದ್ರು. ಮುಂಜಾನಿ ಸಾಲಿ ಹುಡುಗರಿಗಿ ಕಾರ್ಯಕ್ರಮ, ಸಂಜಿಗಿ ಊರ ಮಂದಿಗಿ. ಒಕ್ಕಲತನ, ಕೂಸಿನ ಆರೈಕಿ, ಸಣ್ಣ ಕುಟುಂಬ.

ನನಗ ನೆನಪಿರೋದು ಪರದಾದ ಮ್ಯಾಲ ಬಂದದ್ದಕ್ಕಿಂತ ಪರದಾದ ಮುಂದ ಕೂತವರು. ನಮ್ಮ ಮುತ್ಯಾ ಟಿವಿಗಿ ಜವಾಬು ಕೊಡ್ತಿದ್ದ. ‘ಹಿಂಗ ಬಿತ್ತಬೇಕು’ ಅಂತ ಅದು ಹೇಳಿದ್ರ, ‘ಏ ತಮ್ಮಾ, ನಮ್ಮ ಎರಿ ಹೊಲಕ್ಕ ಅದು ನಡಿಯಲ್ಲ, ಬಾ ತೋರಸ್ತೀನಿ’ ಅಂತಿದ್ದ. ಹೆಣ್ಣಮಕ್ಕಳು ಕೂಸಿನ ಕಾರ್ಯಕ್ರಮ ಬಂದಾಗ ತಮ್ಮತಮ್ಮೊಳಗ ವಾದ ಮಾಡ್ತಿದ್ರು. ಟಿವಿಗಿ ಅದ್ಯಾವುದೂ ಕೇಳ್ತಿರಲಿಲ್ಲ. ವರ್ಷ ತುಂಬಿ 1976ರ ಜುಲೈ ಕಡೀಕ ಉಪಗ್ರಹ ಅತ್ತ ಸರಸ್ಕೊಂಡ್ರು, ನಮ್ಮೂರ ಪರದಾ ಖಾಲಿ ಆಯ್ತು. ಮರುವರ್ಷ ಗುಲಬರ್ಗಾದಾಗೇ ದೂರದರ್ಶನ ಕೇಂದ್ರ ಆಯ್ತು, ಆ ಮಾತು ಬ್ಯಾರೆ.

ಅವತ್ತು ಟಿವಿ ಬಂದದ್ದು ನಮಗ ಕಲಸ್ಲಾಕ. ಈವತ್ತು ಫೋನು ನಮ್ಮನ್ನ ತೋರಿಸಿ ನಗಸ್ಲತ್ತದ. ನಮ್ಮ ಮುತ್ಯಾ ಕೊಟ್ಟ ಜವಾಬು ಅವತ್ತೂ ಯಾರೂ ಬರಕೊಳ್ಳಲಿಲ್ಲ, ನಿನ್ನ ರೀಲಿನ ರೈತ ಕೇಳಿದ ಸವಾಲು ಈವತ್ತೂ ಯಾರಿಗೂ ಮುಟ್ಟಲಿಲ್ಲ. ಐವತ್ತು ವರ್ಷ ಆಯ್ತವ್ವಾ.

ಕಾಗಿಣಾ ದಂಡಿ:

ಸರ್, ಇದನ್ನು ಮೂರು ಸಲ ಓದಿದೆ. ಆಯಿಯನ್ನು ಕೇಳಿದೆ, ಅವಳಿಗೆ ಟಿವಿ ನೆನಪಿಲ್ಲ. ಅವಳ ತವರಿಗೆ ಅದು ಬಂದಿರಲಿಲ್ಲವಂತೆ.

ಜೇವರ್ಗಿಯ ತಮ್ಮಾ, ನಿಮ್ಮ ಗುಳೆಯ ವಿಡಿಯೋ ನೋಡಿದೆ. ನಿಮ್ಮ ಅವ್ವ ‘ರೊಟ್ಟಿ ಎರಡು ದಿನ ತಡೀತಾವ, ಪಲ್ಯಾ ಇವತ್ತೇ ತಿಂದ್ಬಿಡು’ ಅನ್ನುತ್ತಾರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಅದನ್ನು ಅಳಿಸಬೇಡಿ.

ಆಳಂದದ ಅಕ್ಕಾ, ಬರೆಯುವ ಕನ್ನಡ ಬೇಡವೆಂದು ನಾನು ಅಂದಿಲ್ಲ, ನೋಡಿ, ಅದರಲ್ಲೇ ಬರೆಯುತ್ತಿದ್ದೇನೆ. ಆದರೆ ಬಾಟನಿಯಲ್ಲಿ ಒಂದು ಅನುಭವವಾಯಿತು. ನೆಟೆ ರೋಗ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಅದು ಮಣ್ಣಿನಲ್ಲಿದ್ದು ಬೇರಿನ ಮೂಲಕ ಹೊಕ್ಕು ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಪರೀಕ್ಷೆಯಲ್ಲಿ ಬರೆದೆ, ಪೂರ್ತಿ ಅಂಕ ಬಂತು. ಊರಿಗೆ ಹೋಗಿ ಅಪ್ಪನಿಗೆ ಹೇಳಲು ಕೂತರೆ ‘ಶಿಲೀಂಧ್ರವು ವಾಹಕ ಅಂಗಾಂಶವನ್ನು’ ಎಂದು ಶುರುವಾಯಿತು. ಅಪ್ಪ ಸುಮ್ಮನೆ ಕೇಳಿದ. ಮಗಳು ಏನೋ ದೊಡ್ಡದು ಹೇಳುತ್ತಿದ್ದಾಳೆಂಬ ಹೆಮ್ಮೆ ಮುಖದ ಮೇಲಿತ್ತು, ಅರ್ಥವಾದ ಗುರುತು ಇರಲಿಲ್ಲ. ಮೂರು ಎಕರೆ ಯಾಕೆ ಒಣಗಿತೆಂದು ಅವನಿಗೆ ತಿಳಿಸುವ ಮಾತು ನನ್ನ ಬಾಯಲ್ಲಿ ಇಲ್ಲದೆ ಹೋಯಿತು. ಅಂಕ ಬಂದ ಸಂತೋಷ ಅಲ್ಲಿಗೇ ಮುಗಿಯಿತು.

ಜ್ಞಾನಗಂಗಾ:

ನಾನು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಂಶೋಧನೆ ಮಾಡುತ್ತಿದ್ದೇನೆ. ಪ್ರಶ್ನೆ ಕೇಳಿದವರ ಊರು ಮಳಖೇಡದ ಪಕ್ಕ ಎಂದು ನೋಡಿ ಬರೆಯಬೇಕೆನಿಸಿತು. ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಇಷ್ಟು ಎಲ್ಲರಿಗೂ ಗೊತ್ತು, ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ.

ನನಗೆ ಮುಖ್ಯವಾಗಿ ಕಂಡದ್ದು ಆ ಗ್ರಂಥದ ಇನ್ನೆರಡು ಮಾತು. ಒಂದು, ಅದು ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳುತ್ತದೆ. ದೇಶಿಗಳು, ಅಂದರೆ ಊರೂರಿನ ನುಡಿಬಗೆಗಳು, ಬೇರೆಬೇರೆಯಾಗಿ ಇರುವುದರಿಂದ ಅವುಗಳಲ್ಲಿ ದೋಷ ಇಷ್ಟೇ ಎಂದು ಅರಿಯಲಾರದೆ ಸರ್ಪರಾಜ ವಾಸುಕಿಯೂ ಬೇಸತ್ತಾನು ಎನ್ನುತ್ತದೆ. ಇನ್ನೊಂದು, ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ಊರುಗಳನ್ನು ಹೆಸರಿಸುತ್ತದೆ. ಮೊದಲಿನ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ರಾಜಧಾನಿಯಲ್ಲಿ ಕೂತು ಬರೆದವರು ತಮ್ಮ ರಾಜಧಾನಿಯ ಮಾತೇ ಶ್ರೇಷ್ಠ ಎನ್ನಲಿಲ್ಲ. ಕನ್ನಡ ಹಲವು ಎಂಬ ತಿಳಿವಳಿಕೆ ನಿಮ್ಮ ಊರ ಪಕ್ಕದಲ್ಲೇ ಸಾವಿರ ವರ್ಷಕ್ಕೂ ಹಿಂದೆ ಇತ್ತು. ಪಾತ್ರ ಹಂಚಿದ ಆ ಸೀನಿಯರ್‌ಗೆ ಇದನ್ನು ಯಾರಾದರೂ ಪಾಠದಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಪಠ್ಯದಲ್ಲಿ ಕಾವೇರಿ, ಗೋದಾವರಿಯ ಸಾಲು ಬರುತ್ತದೆ, ವಾಸುಕಿ ಬರುವುದಿಲ್ಲ.

ಸುರಪುರದಕ್ಕ:

ನಮ್ಮ ಮಾತಿನಾಗ ಯಾರರೆ ಅತ್ತಾರೇನು ಅಂತ ಕೇಳೀದಿ ತಂಗಿ. ಸಿನಿಮಾದಾಗ ಯಾಕ ಹುಡುಕ್ಲತ್ತೀದಿ? ಮೊಹರಂದಾಗ ನಮ್ಮೂರಿಗಿ ಬಾ.

ಕತ್ತಲ ರಾತ್ರಿ ಅಲಾಯಿ ಕುಣಿ ಸುತ್ತ ಮಂದಿ ನಿಂತಿರ್ತಾರ, ಕುಣಿಯಾಗ ಬೆಂಕಿ. ರಿವಾಯತ ಹಾಡು ಸುರು ಆಗ್ತದ. ಕರ್ಬಲಾದಾಗ ನೀರಿಲ್ದ ಸತ್ತ ಮಕ್ಕಳ ಕಥಿ. ಹಾಡೋದು ನಮ್ಮ ಕನ್ನಡದಾಗ, ಮನಿಯಾಗ ಆಡ್ತೀವಲ್ಲ ಅದೇ ಮಾತಿನಾಗ. ಹಾಡೋರೊಳಗ ಮುಸ್ಲಿಂರೂ ಇರ್ತಾರ, ಲಿಂಗಾಯತರು, ಬ್ಯಾಡರು, ಮಾದಿಗರು ಎಲ್ಲಾರೂ ಇರ್ತಾರ. ಕರ್ಬಲಾ ಕಾಳಗದಾಗ ಸತ್ತ ಎಳೀ ಹುಡುಗ ಕಾಸಿಮನ ಮದುವಿ ಪದ ಬಂದಾಗ ಎಷ್ಟೋ ಹೆಣ್ಣಮಕ್ಕಳು ಸೆರಗು ಬಾಯಿಗಿ ಹಚ್ಚಿ ಅಳ್ತಾರ. ನಮ್ಮತ್ತಿ ತನ್ನ ಮಗ ಸತ್ತಾಗ ಅಳಲಿಲ್ಲ, ಕಲ್ಲಾಗಿ ಕೂತಿದ್ಲು. ಆ ವರ್ಷ ಮೊಹರಂದಾಗ ಆ ಪದ ಕೇಳಿ ಅತ್ಲು. ನಾ ಬಾಜೂಕೇ ಇದ್ದ.

ಭಜನಿ ಕೇಳೀಯೇನು? ಕಡಕೋಳ ಮಡಿವಾಳಪ್ಪನ ತತ್ವಪದ ಊರೂರಿಗಿ ಹಾಡ್ತಾರ. ಶರೀರ, ಸಾವು, ಗುರು, ಜಾತಿ, ಎಲ್ಲಾ ತಿಳಿವಳಿಕಿ ಮಾತು ಅದ್ರಾಗ ಅವ. ಅವನ ಶಿಷ್ಯ ಚೆನ್ನೂರ ಜಲಾಲ ಸಾಹೇಬನ ಪದಾನೂ ಅವ. ಅಮಾಸಿ ಭಜನಿಗಿ ಒಬ್ಬರೂ ನಗಲ್ಲ. ನಮ್ಮ ಮಾತಿಗಿ ಘನತಿ ಇಲ್ಲ ಅಂತ ನಿಮಗ ಅನಸ್ಲತ್ತದಲ್ಲ, ಯಾಕಂದ್ರ ನೀವು ಫೋನಿನಾಗ ನೋಡ್ತೀರಿ, ಅಮಾಸಿಗಿ ಗುಡಿಗಿ ಬರಲ್ಲ.

ಬೀದರ್ ಕೋಟಿ:

ಅಕ್ಕಾರ, ನೀವು ಹೇಳೋದು ಖರೇ. ಆದ್ರ ಈಗಿನ ಹುಡುಗ ಕತ್ತಲ ರಾತ್ರಿ ವರ್ಷಕ್ಕ ಒಮ್ಮಿ ನೋಡ್ತಾನ, ಫೋನು ದಿನಾ ನೋಡ್ತಾನ. ಗುಡಿಯಾಗಿನ ಘನತಿ ದಿನದ ಮಾತಿಗಿ ಬರಬೇಕಂದ್ರ ದಿನಾ ನೋಡೋದ್ರಾಗೂ ಅದು ಕಾಣಬೇಕಲ್ರಿ.

ಸುರಪುರದಕ್ಕ:

ಅದಕ್ಕ ನಾ ಬ್ಯಾಡ ಅಂದಿಲ್ಲಪ್ಪಾ. ಯಾರರೆ ಹಾಕ್ರಿ. ಆದ್ರ ರಿವಾಯತ ಪದ ಅರ್ಧ ನಿಮಿಷಕ್ಕ ಕತ್ತರಿಸಿ ಹಾಕಬ್ಯಾಡ್ರಿ. ನಡುವ ಕತ್ತರಿಸಿದ್ರ ಅದು ಬರೇ ಕುಣಿತ ಕಾಣ್ತದ, ಅಳು ಹೋಗಿಬಿಡ್ತದ.

ಆಳಂದದಿಂದ ಬೆಂಗಳೂರಿಗೆ:

ನಿನ್ನೆ ರಾತ್ರಿ ಮಾಸ್ತರರು ಬರೆದದ್ದನ್ನು ಮಗನಿಗೆ ಓದಿ ಹೇಳಿದೆ, ನಮ್ಮ ಮಾತಿನಲ್ಲೇ, ಅನುವಾದ ಮಾಡದೆ. ‘ಬಾ ತೋರಸ್ತೀನಿ’ ಎಂಬಲ್ಲಿ ನಿಲ್ಲಿಸಿ ‘ತೋರಿಸಿದ್ರಾ ಅಮ್ಮ? ಟಿವಿಯವರು ಬಂದ್ರಾ?’ ಅಂದ. ಬರಲಿಲ್ಲ ಅಂದೆ. ‘ಮತ್ಯಾಕೆ ಹೇಳಿದ್ರು?’ ಅಂದ. ಪೂರ್ತಿ ಅರ್ಥವಾಗಿದೆ ಅವನಿಗೆ. ನಾನು ಏಳು ವರ್ಷ ಸುಮ್ಮನೆ ಹೆದರಿದ್ದೆ.

ಕಾಗಿಣಾ ದಂಡಿ:

ಈಗ ನಮ್ಮ ಮಾತಿನಾಗೇ ಬರೀತೀನಿ. ಕೀಬೋರ್ಡು ತಿದ್ದಿ ತಿದ್ದಿ ಕೆಂಪು ಗೆರಿ ಎಳಿಲತ್ತದ, ಎಳೀಲಿ.

ನಾಟಕದ ಸುದ್ದಿ. ನಾ ಸೀನಿಯರ್‌ಗಿ ಹೋಗಿ ಕೇಳ್ದ, ‘ಅಣ್ಣಾ, ನಿಮ್ಮ ಅವ್ವ ಅಳುವಾಗ ಏನಂತಾರ?’ ಅಂವ ಒಂದು ಗಳಿಗಿ ಸುಮ್ಮಿದ್ದ. ಆಮ್ಯಾಲ ತನ್ನ ತಂಗಿ ಲಗ್ನದ ದಿನ ಅವ್ವ ಆಡಿದ ಮಾತು ಹೇಳ್ದ. ಹೇಳ್ತಾ ಹೇಳ್ತಾ ಅವನ ದನಿ ಬದಲಾಯ್ತು. ಈಗ ತಾಯಿ ಮಾತು ಪೂರಾ ಬದಲಾಗ್ಯಾದ, ಅವನೇ ಕೂತು ಬರದಾನ. ಪಾತ್ರ ನನಗ ಬಂದಿಲ್ಲ, ಶಹಾಬಾದದ ಹುಡುಗಿ ಮಾಡ್ಲತ್ತಾಳ. ನಾ ಮನಿಗೆಲಸದಾಕಿನೇ. ಆದ್ರ ಈಗ ಇಡೀ ಮನಿ ಒಂದೇ ಮಾತು ಆಡ್ತದ, ಹಿಂಗಾಗಿ ನಾ ಚಹಾ ತರ್ಲೇನ್ರಿ ಅಂದ್ರ ರಿಹರ್ಸಲ್‌ನಾಗ ಯಾರೂ ನಗಲಿಲ್ಲ.

ಅಪ್ಪಗ ನೆಟೆ ರೋಗ ಹೆಂಗ ಹೇಳಬೇಕು ಅಂತ ನಾ ಆಯಿನ್ನೇ ಕೇಳ್ದ. ಆಕಿ ಅಂದ್ಲು, ‘ಬೇರಿಗಿ ಬೂಷ್ಟು ಹತ್ಯಾದ, ಗಿಡದ ಗಂಟಲು ಕಟ್ಯಾದ ಅನ್ನು.’ ಪುಸ್ತಕದಾಗ ಅರ್ಧ ಪುಟ ಇದ್ದದ್ದು ಇಷ್ಟೇ. ಅಪ್ಪ ಕೂಡ್ಲೇ ಕೇಳ್ದ, ‘ಹಂಗಾದ್ರ ಬೂಷ್ಟು ಮಣ್ಣಾಗೇ ಉಳೀತದೇನು? ಮುಂದಿನ ವರ್ಷನೂ ತೊಗರಿನೇ ಹಾಕಿದ್ರ?’ ಉಳೀತದಪ್ಪಾ, ಅದಕ್ಕೇ ಒಂದೆರಡು ವರ್ಷ ಜೋಳ ಹಾಕಿ ಬೆಳಿ ಬದಲಸಬೇಕು, ರೋಗ ತಡಿಯೋ ತಳಿ ಬೀಜ ತಗೋಬೇಕು ಅಂತ ನಾ ಅಂದ. ಅರ್ಧ ತಾಸು ಕೂತು ಮಾತಾಡಿದಿವಿ. ಅಪ್ಪ ನನ್ನ ಓದಿನ ಬಗ್ಗಿ ಸವಾಲು ಕೇಳಿದ್ದು ಇದೇ ಮೊದಲು.

ಈ ಶನಿವಾರ ಊರಿಗಿ ಹೊಂಟೀನಿ. ಆಯಿ ಮುಂದ ಫೋನ್ ಇಟ್ಟು ಆ ವರ್ಷದ ತೊಗರಿ ಸುದ್ದಿ ಆಕಿ ಬಾಯಾಗೇ ಹೇಳಸ್ತೀನಿ. ಹಿಂದ ಯಾವ ಸಂಗೀತನೂ ಹಾಕಲ್ಲ.

ಜೇವರ್ಗಿ ಹುಡುಗ:

ಅಕ್ಕಾ, ಬರೇ ಫೋನಿನಾಗ ಹಿಡದ್ರ ಗಾಳಿ ಸಪ್ಪಳ ಬರ್ತದ. ನನ್ನ ಹತ್ರ ಕಾಲರಿಗಿ ಸಿಗಸೋ ಮೈಕ್ ಅದ. ಶನಿವಾರ ಎಷ್ಟಕ್ಕ ಬಸ್ಸು? ಬಸ್ ಸ್ಟ್ಯಾಂಡಿಗಿ ತಂದು ಕೊಡ್ತೀನಿ.

ಕಾಗಿಣಾ ದಂಡಿ:

ಎರಡೂವರಿಗಿ. ಸೇಡಂ ಬಸ್ಸು ನಿಲ್ಲೋ ಕಡಿ ಇರ್ತೀನಿ. ನಿಮಗ ಎರಡು ರೊಟ್ಟಿ ಹಿಂಡಿ ತರ್ಲೆಂದ್ರ ಅವು ಬರೋದು ಸೋಮವಾರ. ಮೈಕ್ ತಿರುಗಿ ಕೊಡುವಾಗ ತಗೋರಿ.